ಬಡ್ಡಿ ಎಲ್ಲಿಗೆ ಹೋಗುತ್ತೆ?

ಊರಲ್ಲಿರೋ ನಮ್ಮ ಮನೆಯ ಅಟ್ಟದ ಮೇಲೆ ಒಂದು ದೊಡ್ಡ ಅಲ್ಯುಮಿನಿಯಂ ಡಬರಿ ಇದೆ. ನೂರು ಜನಕ್ಕೆ ಅನ್ನ ಬೇಯಿಸಬಹುದು. ಅದರ ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಅಮ್ಮನ ಸಂಘದ ಹೆಸರಿದೆ. ಅಕ್ಷರ ನನ್ನದೇ. ಕೊನೆಗೆ ಬರುವಷ್ಟರಲ್ಲಿ ಜಾಗ ಸಾಲದೆ 'ಸಂಘ' ಅನ್ನೋದು ತಳದ ಕಡೆಗೆ ಜಾರಿದೆ. ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಅದನ್ನು ಕೆಳಗಿಳಿಸಿಕೊಡು ಅಂದರು. ಮೇಲ್ಮನೆಯವರ ಸೀಮಂತಕ್ಕೆ ಬೇಕಂತೆ.

ಆ ಡಬರಿ ಬಂದಿದ್ದು ಬಡ್ಡಿ ದುಡ್ಡಿನಲ್ಲಿ. ಸಂಘದ ಹೆಂಗಸರು ಒಬ್ಬರಿಗೊಬ್ಬರು ಕಟ್ಟಿಕೊಂಡ ಬಡ್ಡಿ ಅದು.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಸೀಮೆ. ಜಮೀನಿದ್ದವರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಾರೆ, ಇಲ್ಲದವರು ಪೇಟೆಗೆ ಹೋಗಿ ಬಿಚ್ಚಾಣಿಕೆ ಕೆಲಸ ಮಾಡುತ್ತಾರೆ. ಬಿಸಿನೀರಲ್ಲಿ ಗೂಡು ಬೇಯಿಸಿ ನೂಲು ತೆಗೆಯೋದು. ಆ ಹೆಂಗಸರ ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕಾಗಿರುತ್ತೆ. 1999ರಲ್ಲಿ ಅಮ್ಮನೂ ಸೇರಿ 20 ಜನ ಒಂದು ಸಂಘ ಕಟ್ಟಿಕೊಂಡರು. ವಾರಕ್ಕೆ ತಲಾ 10 ರೂಪಾಯಿ ಉಳಿತಾಯ. ಶನಿವಾರ ಸಂಜೆ ಗುಡಿ ಮುಂದೆ ಸೇರೋದು. ಅವರಲ್ಲಿ ಏಳನೇ ಕ್ಲಾಸು ದಾಟಿದವರು ಇಬ್ಬರೇ. ಅವರಿಗೂ ಲೆಕ್ಕ ಬರೆಯೋದೆಂದರೆ ಬೇಜಾರು. ಹಾಗಾಗಿ ಹೈಸ್ಕೂಲಲ್ಲಿದ್ದ ನನ್ನ ಕೈಗೆ ಪುಸ್ತಕ ಬಂತು. ನಡಾವಳಿ ಪುಸ್ತಕ, ಉಳಿತಾಯದ ಪುಸ್ತಕ, ಸಾಲದ ಪುಸ್ತಕ. ನಾನು ಮುಂದೆ ಅಕೌಂಟ್ಸ್ ಓದಿದ್ದಕ್ಕೆ ಆ ಮೂರು ಪುಸ್ತಕವೇ ಕಾರಣ ಅಂತ ಅಮ್ಮ ಈಗಲೂ ಜಂಬ ಪಡುತ್ತಾರೆ.

ಸಂಘದ ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ 24. ಕಡಿಮೆಯೇನಲ್ಲ. ಆದರೆ ಪೇಟೆಯ ಕೈಸಾಲಕ್ಕೆ ಆಗ ನೂರಕ್ಕೆ 5 ರೂಪಾಯಿ ಇತ್ತು, ಅರ್ಜೆಂಟು ಅಂದರೆ 10. ಎರಡು ವರ್ಷ ಕಳೆಯುವಷ್ಟರಲ್ಲಿ ಬಡ್ಡಿಯೇ ಒಂದಷ್ಟು ಸೇರಿತ್ತು. ಏನು ಮಾಡೋದು ಅಂತ ಮೂರು ಶನಿವಾರ ಜಗಳ ಆಯಿತು. ಹಂಚಿಕೊಳ್ಳೋಣ ಅಂದರು ಕೆಲವರು. ಮದುವೆ, ನಾಮಕರಣಕ್ಕೆ ಪಾತ್ರೆ ಬಾಡಿಗೆ ತರೋಕೆ ಪೇಟೆಗೆ ಯಾಕೆ ಹೋಗಬೇಕು, ನಾವೇ ತಗೊಳ್ಳೋಣ ಅಂದವರು ಮೂಲೆಮನೆ ಚಿಕ್ಕಮ್ಮ. ಸ್ವಂತ ಚಿಕ್ಕಮ್ಮ ಅಲ್ಲ, ಅಮ್ಮನ ಜೊತೆಗಾತಿ. ಕೊನೆಗೆ ಎರಡು ಡಬರಿ, ನಾಲ್ಕು ಬಕೆಟ್ಟು, ಒಂದು ಜಮಖಾನ ಬಂತು. ಊರವರಿಗೆ ಬಾಡಿಗೆಗೆ, ಸಂಘದವರಿಗೆ ಪುಕ್ಕಟೆ.

ಆ ಸಂಘವೇನೂ ಸ್ವರ್ಗ ಆಗಿರಲಿಲ್ಲ. ಕಾಲೋನಿಯ ಹೆಂಗಸರದ್ದು ಬೇರೆಯೇ ಸಂಘ, ಎರಡೂ ಒಂದೇ ಜಮಖಾನದ ಮೇಲೆ ಯಾವತ್ತೂ ಕೂರಲಿಲ್ಲ. ಲೀಡರ್ ನಾದಿನಿಗೆ ಸಾಲ ಬೇಗ ಸಿಗುತ್ತಿತ್ತು. ಇವೆಲ್ಲ ಬರೆದವಳು ನಾನೇ, ಗೊತ್ತು.

ಇಂಥ ಸಂಘಗಳು ಹುಟ್ಟಿದ್ದರ ಹಿಂದೆ ಒಂದು ಕಥೆ ಇದೆ. ಅದು ಹೆಚ್ಚಿನವರಿಗೆ ಗೊತ್ತಿಲ್ಲ. 80ರ ದಶಕದಲ್ಲಿ ಮೈರಾಡ ಅನ್ನುವ ಎನ್‌ಜಿಒ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘ ಕಟ್ಟಿಸಿತ್ತು. ಅವು ಜಗಳ, ದರ್ಬಾರುಗಳಲ್ಲಿ ಮುರಿದುಬಿದ್ದವು. ಆಗ ಕೆಲವು ಹಳ್ಳಿಯವರು ಸಣ್ಣ ಗುಂಪುಗಳಾಗಿ ಬಂದು, ತಗೊಂಡ ಸಾಲವನ್ನು ಆ ದೊಡ್ಡ ಸಂಘಕ್ಕೆ ಕಟ್ಟಲ್ಲ, ನಮ್ಮ ಗುಂಪಿಗೇ ಕಟ್ಟಿಕೊಳ್ಳುತ್ತೀವಿ ಅಂದರಂತೆ. ಅಲ್ಲಿಂದ ಈ ಸಣ್ಣ ಸಂಘಗಳು ಬೆಳೆದವು. 1987ರಲ್ಲಿ ಹಳ್ಳಿಗಳ ಅಭಿವೃದ್ಧಿಗಿರುವ ರಾಷ್ಟ್ರೀಯ ಬ್ಯಾಂಕು ನಬಾರ್ಡ್ ಇದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. 2000ದಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂತು. ಅಂದರೆ ಸಾಲ ತಿರುಗಿಸುವ ಬುದ್ಧಿ ನಮ್ಮ ಕಡೆಯ ಹೆಂಗಸರಿಗೆ ಯಾರೂ ವಿಮಾನದಲ್ಲಿ ತಂದುಕೊಟ್ಟಿದ್ದಲ್ಲ.

ವಿಮಾನದಲ್ಲಿ ಬಂದಿದ್ದು ಇನ್ನೊಂದು, ಕಿರುಸಾಲದ ಕಂಪನಿ, ಅಂದರೆ ಮೈಕ್ರೋಫೈನಾನ್ಸ್. ಅದು ನಮ್ಮೂರಿಗೆ 2007ರಲ್ಲಿ ಬೈಕ್ ಮೇಲೆ ಬಂತು.

ಬೈಕ್ ಮೇಲೆ ಬಂದ ಹುಡುಗನಿಗೆ 22 ವರ್ಷ ಇರಬಹುದು. ಹೆಗಲಿಗೆ ಕಪ್ಪು ಬ್ಯಾಗು. ಅವನು ಹೆಂಗಸರನ್ನೆಲ್ಲ ಅಕ್ಕಾ ಅಂತಿದ್ದ. ಅವನ ತಾಯಿಯ ವಯಸ್ಸಿನ ಹೆಂಗಸರು ಅವನನ್ನು ಸಾರ್ ಅಂತಿದ್ದರು. ಐದೈದು ಜನರ ಗುಂಪು ಮಾಡಿದ. ಒಬ್ಬರಿಗೆ ಉಳಿದ ನಾಲ್ವರು ಜಾಮೀನು. ಕಾಗದ ಪತ್ರ ಬೇಡ, ಒಡವೆ ಬೇಡ, ಗಂಡನ ಸಹಿ ಬೇಡ. ಗುರುವಾರ ಬೆಳಿಗ್ಗೆ 7 ಗಂಟೆಗೆ ಮೀಟಿಂಗು. ಸಾಲಾಗಿ ಕೂತು ಕೈ ಮುಂದೆ ಚಾಚಿ ಪ್ರತಿಜ್ಞೆ ಬೇರೆ ಹೇಳಬೇಕು. ಕಂತನ್ನು ಸಮಯಕ್ಕೆ ಸರಿಯಾಗಿ ಕಟ್ಟುತ್ತೇವೆ, ಗುಂಪಿನಲ್ಲಿ ಯಾರಿಗಾದರೂ ಕಷ್ಟ ಬಂದರೆ ಅವರ ಕಂತನ್ನೂ ನಾವೇ ಕಟ್ಟುತ್ತೇವೆ ಅಂತ. ಒಂದು ಸಲ ಊರಿಗೆ ಹೋದಾಗ ಅಮ್ಮ ಹೀಗೆ ಪ್ರೈಮರಿ ಶಾಲೆ ಮಕ್ಕಳ ಹಾಗೆ ಕೈ ಚಾಚಿ ಕೂತಿದ್ದನ್ನು ನೋಡಿ ನಗು ಬಂತು. ಆಮೇಲೆ ನಗು ಬಂದಿದ್ದಕ್ಕೆ ನಾಚಿಕೆ ಆಯಿತು.

ಯಾಕೆಂದರೆ ಆ ಸಾಲ ನನಗಾಗಿಯೇ ಎತ್ತಿದ್ದು. ಬಿ.ಕಾಂ ಮುಗಿದಿತ್ತು, ಕಂಪ್ಯೂಟರ್ ಕೋರ್ಸಿಗೆ ಫೀಸು ಬೇಕಿತ್ತು. ಸಂಘದಲ್ಲಿ ಅಷ್ಟು ದುಡ್ಡು ಒಟ್ಟಿಗೆ ಸಿಗುತ್ತಿರಲಿಲ್ಲ. ಕಂಪನಿಯವರು ಒಂದೇ ವಾರದಲ್ಲಿ 10,000 ಕೊಟ್ಟರು. ನಾನು ಟ್ಯಾಲಿ ಕಲಿತೆ, ಎಕ್ಸೆಲ್ ಕಲಿತೆ, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದೆ. ಈ ಬರಹದಲ್ಲಿ ನಾನು ಯಾರನ್ನು ಬೈದರೂ ಇದನ್ನು ಮರೆಯುವ ಹಾಗಿಲ್ಲ.

ಎಕ್ಸೆಲ್ ಕಲಿತ ಹೊಸದರಲ್ಲಿ ಕೈ ಸುಮ್ನಿರುತ್ತಾ? ಮೊದಲು ಲೆಕ್ಕ ಹಾಕಿದ್ದೇ ಅಮ್ಮನ ಸಾಲದ್ದು. 10,000 ಸಾಲ. ವಾರಕ್ಕೆ 230 ರೂಪಾಯಿಯಂತೆ 50 ಕಂತು. ಒಟ್ಟು 11,500. 'ನೂರಕ್ಕೆ 15 ಅಷ್ಟೇ ಅಕ್ಕಾ, ವರ್ಷಕ್ಕೆ' ಅಂದಿದ್ದ ಹುಡುಗ. ಸುಳ್ಳಲ್ಲ. ಆದರೆ ಅಮ್ಮನ ಕೈಯಲ್ಲಿ 10,000 ಪೂರ್ತಿ ಇದ್ದಿದ್ದು ಮೊದಲ ವಾರ ಮಾತ್ರ. ಪ್ರತಿ ಗುರುವಾರ ಅಸಲು ಕರಗುತ್ತಾ ಹೋಗುತ್ತೆ, ಬಡ್ಡಿಯನ್ನು ಮಾತ್ರ ಇಡೀ ವರ್ಷ 10,000ಕ್ಕೇ ಹಾಕಿರುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ಶೇ 29 ದಾಟುತ್ತೆ. ಆರಂಭದಲ್ಲೇ ಹಿಡಿದುಕೊಂಡ ಇನ್ಶೂರೆನ್ಸ್, ಫೀಸು ಬೇರೆ.

ಅಮ್ಮನಿಗೆ ಇದನ್ನು ವಿವರಿಸಿದೆ. ಅವರಿಗೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಸಂಘದ್ದೂ 24 ಆಗುತ್ತಲ್ಲ, ಇದು 29, ಮೀಟರ್ ಬಡ್ಡಿಗಿಂತ ವಾಸಿ ಅಂದರು. ಆಮೇಲೆ ಅಕ್ಕಿ ಆರಿಸುತ್ತಾ ಕೇಳಿದರು. 'ಅಲ್ಲ ಕಣೇ, ನಮ್ ಸಂಘದ ಬಡ್ಡಿ ಡಬರಿ ಆಯ್ತು. ಇವರ ಬಡ್ಡಿ ಎಲ್ಲಿಗೆ ಹೋಗ್ತೈತೆ?'

ನನಗೆ ಗೊತ್ತಿರಲಿಲ್ಲ. ಹೈದರಾಬಾದಿಗೋ ಏನೋ ಅಂದೆ.

ಉತ್ತರ ಸಿಕ್ಕಿದ್ದು ನಾಲ್ಕೈದು ವರ್ಷದ ಮೇಲೆ, ನನ್ನ ಆಫೀಸಿನಲ್ಲೇ. ನಾನು ಕೆಲಸ ಮಾಡೋದು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಬ್ಯಾಕ್ ಆಫೀಸಿನಲ್ಲಿ. ಹೊರದೇಶದ ಫಂಡ್‌ಗಳ ಲೆಕ್ಕ ನಾವು ಬರೆಯುತ್ತೇವೆ. ಫಂಡಿನ ಹತ್ತಿರ ಏನೇನಿದೆ, ಇವತ್ತಿನ ಬೆಲೆ ಎಷ್ಟು, ಬಡ್ಡಿ ಎಷ್ಟು ಬಂತು, ಎಲ್ಲ ಕೂಡಿ ಕಳೆದು ಒಂದು ಯೂನಿಟ್ಟಿನ ಬೆಲೆ ಹೇಳೋದು. ಸಂಘದ ಪುಸ್ತಕದ್ದೇ ಕೆಲಸ, ಸೊನ್ನೆಗಳು ಮಾತ್ರ ಜಾಸ್ತಿ. ಒಂದು ದಿನ ಹೊಸ ಫಂಡ್ ಬಂತು. ಲಕ್ಸೆಂಬರ್ಗಿನದ್ದು. ಈ ಪುಟ್ಟ ದೇಶ ನಮ್ಮ ಕಸುಬಿನವರಿಗೆ ತಿರುಪತಿ ಇದ್ದ ಹಾಗೆ, ಯುರೋಪಿನ ಎಷ್ಟೋ ಫಂಡ್‌ಗಳು ಅಲ್ಲೇ ನೋಂದಾಯಿಸಿಕೊಳ್ಳುತ್ತವೆ. ಪಟ್ಟಿ ತೆಗೆದರೆ ಕಂಪನಿಗಳ ಷೇರೂ ಇಲ್ಲ, ಸರ್ಕಾರದ ಬಾಂಡೂ ಇಲ್ಲ. ಕಾಂಬೋಡಿಯಾ, ಈಕ್ವೆಡಾರ್, ಜಾರ್ಜಿಯಾದಂಥ ದೇಶಗಳ ಕಿರುಸಾಲದ ಕಂಪನಿಗಳಿಗೆ ಕೊಟ್ಟ ಸಾಲಗಳು. ಜೊತೆಗೆ ಬಂದ ಬ್ರೋಷರ್ ಮೇಲೆ ತರಕಾರಿ ಅಂಗಡಿಯಲ್ಲಿ ನಗುತ್ತಾ ಕೂತ ಒಬ್ಬ ಹೆಂಗಸು. ಒಂದು ಸಾಲಿನಲ್ಲಿ ಕಾಂಬೋಡಿಯಾದಿಂದ ಡಾಲರಿನಲ್ಲಿ ಬಡ್ಡಿ ಬಂದಿದೆ ಅಂತ ಇತ್ತು. ನಾನು ಅದನ್ನು ಸರಿನೋಡಿ ಟಿಕ್ ಹಾಕಿದೆ.

ಅಮ್ಮನ ಕಂಪನಿ ಆ ಪಟ್ಟಿಯಲ್ಲಿರಲಿಲ್ಲ. ಇರಬೇಕಿರಲೂ ಇಲ್ಲ. ಯಾರದೋ ಗುರುವಾರ ಬೆಳಿಗ್ಗೆಯ ಕಂತು ಕಡಲು ದಾಟಿ ಯುರೋಪಿಗೆ ಹೋಗಿ, ಅಲ್ಲಿಂದ ಲೆಕ್ಕವಾಗಿ ನನ್ನ ಸ್ಕ್ರೀನಿಗೆ ಬಂದಿತ್ತು. ನನ್ನ ಸಂಬಳವೂ ಅದರದ್ದೇ ಒಂದು ಚೂರು.

ಆ ಫಂಡಿನಲ್ಲಿ ದುಡ್ಡು ಹಾಕಿದವರು ರಾಕ್ಷಸರೇನಲ್ಲ. ಯುರೋಪಿನ ಯಾರೋ ನಿವೃತ್ತ ಮೇಷ್ಟ್ರು ಇರಬಹುದು. ತನ್ನ ಉಳಿತಾಯ ಬಡವರಿಗೂ ಉಪಯೋಗ ಆಗಲಿ, ತನಗೂ ಒಂದಿಷ್ಟು ಬರಲಿ ಅಂತ ಹಾಕಿರುತ್ತಾರೆ. ಪುಣ್ಯವೂ ಬರಬೇಕು, ಬಡ್ಡಿಯೂ ಬರಬೇಕು. ಈ ಎರಡೂ ಒಟ್ಟಿಗೆ ಬರುತ್ತೆ ಅಂತ ಅವರಿಗೆ ಹೇಳಿದವರು ಯಾರು ಅನ್ನೋದು ನನ್ನ ತಲೆ ಕೊರೆಯಿತು. ರಾತ್ರಿ ಹೊತ್ತು ಕೂತು ಓದಿದೆ.

ಕಥೆ ಬಾಂಗ್ಲಾದೇಶದ ಚಿತ್ತಗಾಂಗ್ ಹತ್ತಿರದ ಜೋಬ್ರಾ ಅನ್ನುವ ಹಳ್ಳಿಯಿಂದ ಶುರುವಾಗುತ್ತೆ. 1976ರಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಮುಹಮ್ಮದ್ ಯೂನುಸ್ ಅಲ್ಲಿನ 42 ಜನರಿಗೆ ತಮ್ಮ ಕೈಯಿಂದ ಒಟ್ಟು 27 ಡಾಲರ್ ಸಾಲ ಕೊಟ್ಟರು. ಬಿದಿರಿನ ಸ್ಟೂಲು ಹೆಣೆಯುವವರು, ಸಾಹುಕಾರನ ಸಾಲದಲ್ಲಿ ಸಿಕ್ಕಿಬಿದ್ದವರು. 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಐದೈದು ಜನರ ಗುಂಪು, ವಾರದ ಕಂತು ಎಲ್ಲ ಅಲ್ಲಿಂದಲೇ ಬಂದಿದ್ದು. ಅಲ್ಲಿ ಬ್ಯಾಂಕಿನ ಷೇರು ಬಹುಪಾಲು ಸಾಲಗಾರ ಹೆಂಗಸರ ಕೈಯಲ್ಲೇ ಇತ್ತು ಅನ್ನೋದನ್ನು ಮಾತ್ರ ನಕಲು ಮಾಡಿದವರು ಮರೆತರು.

ನಕಲು ಮಾಡಿಸಿದ್ದು ವಾಷಿಂಗ್ಟನ್. ಅದು ವಿಶ್ವಬ್ಯಾಂಕ್, ಐಎಂಎಫ್ ಬಡ ದೇಶಗಳಿಗೆ ಖರ್ಚು ಕಡಿಮೆ ಮಾಡಿ, ಸಬ್ಸಿಡಿ ತೆಗೆಯಿರಿ ಅಂತ ಬುದ್ಧಿ ಹೇಳುತ್ತಿದ್ದ ಕಾಲ. ಸರ್ಕಾರ ಹಿಂದೆ ಸರಿದ ಜಾಗದಲ್ಲಿ ಬಡವರಿಗೆ ಏನಾದರೂ ಕೊಡಬೇಕಲ್ಲ. ಸಾಲ ಕೊಡೋದು ಚೆನ್ನಾಗಿ ಕಂಡಿತು. ಖರ್ಚಿಲ್ಲದ ಬಡತನ ನಿವಾರಣೆ! 1995ರಲ್ಲಿ ವಿಶ್ವಬ್ಯಾಂಕಿನ ಮನೆಯಲ್ಲೇ, ಕಿರುಸಾಲ ಬೆಳೆಸೋಕೆ ಅಂತ, ಸಿಜಿಎಪಿ ಅನ್ನುವ ಕೂಟ ಹುಟ್ಟಿತು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಕಿರುಸಾಲದ ಶೃಂಗಸಭೆ ನಡೆಯಿತು, 2005ರೊಳಗೆ 10 ಕೋಟಿ ಬಡ ಕುಟುಂಬಗಳಿಗೆ ಸಾಲ ತಲುಪಿಸುವ ಗುರಿ ಇಟ್ಟುಕೊಂಡರು. 2005ನ್ನು ವಿಶ್ವಸಂಸ್ಥೆ ಕಿರುಸಾಲದ ವರ್ಷ ಅಂತ ಕರೆಯಿತು. 2006ರಲ್ಲಿ ಯೂನುಸ್ ಮತ್ತು ಗ್ರಾಮೀಣ ಬ್ಯಾಂಕಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಈ ಸಭೆಗಳಲ್ಲಿ ಒಂದು ಮಾತು ಮೆಲ್ಲಗೆ ಗಟ್ಟಿಯಾಯಿತು. ದಾನದ ಹಣ ಎಷ್ಟು ದಿನ ಬರುತ್ತೆ, ಈ ಸಂಸ್ಥೆಗಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕು, ಖರ್ಚು ಹುಟ್ಟುವಷ್ಟು ಬಡ್ಡಿ ಹಾಕಬೇಕು ಅಂತ. ಕೇಳೋಕೆ ನ್ಯಾಯವಾಗಿಯೇ ಇದೆ. ಬೈಕಿನ ಪೆಟ್ರೋಲು, ಹುಡುಗನ ಸಂಬಳ, ಹತ್ತು ಸಾವಿರಕ್ಕೆ 50 ಸಲ ಮನೆ ಬಾಗಿಲಿಗೆ ಬರೋದು ಸುಮ್ನೆ ಆಗಲ್ಲ. ಆದರೆ ಖರ್ಚು ಹುಟ್ಟಬೇಕು ಅನ್ನೋದು ಲಾಭ ಬರಬೇಕು ಅಂತಾಯಿತು. ಲಾಭ ಬಂದ ಮೇಲೆ ಷೇರುಪೇಟೆ ಇನ್ನೇನು ದೂರ?

ಮೊದಲ ಉದಾಹರಣೆ ಮೆಕ್ಸಿಕೋದ ಕಂಪಾರ್ತಾಮೋಸ್. ಆ ಹೆಸರಿಗೆ 'ಹಂಚಿಕೊಳ್ಳೋಣ' ಅಂತ ಅರ್ಥ. ಎನ್‌ಜಿಒ ಆಗಿ ಶುರುವಾಗಿದ್ದು, ದಾನದ ಹಣ ಪಡೆದಿದ್ದು. 2007ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಹಳೆಯ ಷೇರುದಾರರು ತಮ್ಮ ಪಾಲಿನ ಸುಮಾರು ಶೇ 30 ಮಾರಿದ್ದಕ್ಕೇ 45 ಕೋಟಿ ಡಾಲರ್‌ನಷ್ಟು ಬಂತು. ಅವರು ಮೊದಲು ಹಾಕಿದ್ದ ಬಂಡವಾಳ 60 ಲಕ್ಷ ಡಾಲರ್ ಆಸುಪಾಸು. ಆ ಷೇರುದಾರರಲ್ಲಿ ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯೂ ಇತ್ತು. ಹೆಂಗಸರು ಕಟ್ಟುತ್ತಿದ್ದ ಬಡ್ಡಿ, ತೆರಿಗೆಯೂ ಸೇರಿ, ವರ್ಷಕ್ಕೆ ಶೇ 100ರ ಹತ್ತಿರ! ನಮ್ಮ ಪೇಟೆಯ ಕೈಸಾಲದವರು ಇದನ್ನು ಕೇಳಿದ್ದರೆ ತಮಗೂ ಒಂದು ಪ್ರಶಸ್ತಿ ಕೊಡಿ ಅಂತಿದ್ದರೋ ಏನೋ. ಯೂನುಸ್ ಅವರೇ ಇದನ್ನು ಕಟುವಾಗಿ ಟೀಕಿಸಿದರು.

ಎರಡನೆಯದ್ದು ನಮ್ಮ ಪಕ್ಕದ್ದೇ. ಆಗ ಆಂಧ್ರದಲ್ಲಿದ್ದ ಮೇದಕ್ ಜಿಲ್ಲೆಯ ನಾರಾಯಣಖೇಡದಲ್ಲಿ ಸ್ವಯಂ ಕೃಷಿ ಸಂಗಮ ಅಂತ ಎನ್‌ಜಿಒ ಆಗಿ ಹುಟ್ಟಿ, ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಆಗಿ ಬೆಳೆದಿದ್ದು. 2010ರಲ್ಲಿ 985 ರೂಪಾಯಿಯಂತೆ ಷೇರು ಮಾರಿತು. ಕೊಳ್ಳೋಕೆ ಬಂದವರು ಇದ್ದ ಷೇರಿಗಿಂತ 13 ಪಟ್ಟು ಜಾಸ್ತಿ. ಆಗಸ್ಟ್‌ನಲ್ಲಿ ಪೇಟೆಯಲ್ಲಿ ವಹಿವಾಟು ಶುರುವಾಯಿತು. ಅದೇ ವರ್ಷದ ಅಕ್ಟೋಬರ್ 15ಕ್ಕೆ, ಸಾಲದ ಕಾಟಕ್ಕೆ ಹಳ್ಳಿಗಳಲ್ಲಿ ಆತ್ಮಹತ್ಯೆಗಳಾಗುತ್ತಿವೆ ಅಂತ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮಧ್ಯೆ ಎರಡೇ ತಿಂಗಳು.

ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಅದು ಆಂಧ್ರಕ್ಕಿಂತ ಮುಂಚಿನದು, 2009ರದ್ದು.

ಅಷ್ಟರಲ್ಲಿ ಒಂದು ಕಂಪನಿ ಇದ್ದಿದ್ದು ನಾಲ್ಕಾಗಿತ್ತು. ಗುರುವಾರದ ಜೊತೆ ಸೋಮವಾರ, ಬುಧವಾರ, ಶುಕ್ರವಾರವೂ ಸೇರಿತ್ತು. ಒಬ್ಬರ ಕಂತಿಗೆ ಇನ್ನೊಬ್ಬರ ಸಾಲ. ಹುಡುಗರಿಗೂ ತಿಂಗಳಿಗೆ ಇಷ್ಟು ಹೊಸ ಸಾಲ ಕೊಡಲೇಬೇಕು ಅಂತ ಟಾರ್ಗೆಟ್ಟು. ಅಕ್ಕಾ ತಗೋ ಅಕ್ಕಾ ಅಂತ ಅವರೇ ಬೆನ್ನು ಬೀಳುತ್ತಿದ್ದರು. ಆ ಹೊತ್ತಿಗೆ ರೇಷ್ಮೆ ಕೆಲಸ ಕುಂಟಿತು. ಕೋಲಾರದಲ್ಲಿ ಮುಸ್ಲಿಮರ ಅಂಜುಮನ್ ಸಮಿತಿಯವರು ತಮ್ಮ ಹೆಂಗಸರಿಗೆ ಇನ್ನು ಕಂತು ಕಟ್ಟಬೇಡಿ ಅಂತ ಹೇಳಿಬಿಟ್ಟರು. ಅದು ರಾಮನಗರ, ಮೈಸೂರಿಗೂ ಹಬ್ಬಿತು. ಪೇಪರಿನಲ್ಲಿ ಅದನ್ನು ಧರ್ಮದ ವಿಷಯ ಅನ್ನುವ ಹಾಗೆ ಬರೆದರು. ಬಿಚ್ಚಾಣಿಕೆ ಮಾಡುವವರ ಕೈಗೆ ಕೂಲಿ ಸಿಕ್ಕದ ವಿಷಯ ಅದು. ನಮ್ಮ ಬೀದಿಯ ಹೆಂಗಸರ ಪರವಾಗಿ ಹಾಗೆ ಹೇಳೋಕೆ ಯಾವ ಸಮಿತಿಯೂ ಇರಲಿಲ್ಲ ಅಷ್ಟೇ.

ಮೂಲೆಮನೆ ಚಿಕ್ಕಮ್ಮನ ಎರಡು ಕಂತು ತಪ್ಪಿತು. ಮೂರನೇ ಗುರುವಾರ ಅವರು ಮೀಟಿಂಗಿಗೇ ಬರಲಿಲ್ಲ. ಹುಡುಗ ಬಾಯಿ ಮಾಡಲಿಲ್ಲ, ಕೈ ಎತ್ತಲಿಲ್ಲ. ಬೈಕಿಗೆ ಒರಗಿಕೊಂಡು, 'ಅಕ್ಕಾ, ಐದು ಜನರ ದುಡ್ಡು ಬಂದ ಮೇಲೆ ನಾನು ಹೋಗೋದು, ನೀವೂ ಅಷ್ಟೇ' ಅಂದ. ನಾಲ್ವರು ಹೆಂಗಸರು ಚಿಕ್ಕಮ್ಮನ ಮನೆ ಜಗಲಿ ಮೇಲೆ ಹೋಗಿ ಕೂತರು. ಅಮ್ಮನೂ ಕೂತರು. ಬೆಳಿಗ್ಗೆ ಎಂಟರಿಂದ. ಯಾರ ಮನೆಯಲ್ಲೂ ಹುಳುವಿಗೆ ಸೊಪ್ಪು ಹಾಕಿಲ್ಲ, ಕೂಲಿಗೆ ಹೋಗಿಲ್ಲ. ಹತ್ತು ಗಂಟೆಗೆ ಒಬ್ಬರು ಗೊಣಗಿದರು, ಹನ್ನೊಂದಕ್ಕೆ ಬೈದರು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿಗೆ ಕೇಳುವ ಹಾಗೆ, ಹೊಸ ಸೀರೆ ಉಡೋಕೆ ದುಡ್ಡಿರುತ್ತೆ, ಕಂತಿಗಿರಲ್ವಾ ಅಂತ ಕೂಗಾಡಿದರು. ಬಾಗಿಲು ತೆಗೆಯಲಿಲ್ಲ. ಎರಡು ಗಂಟೆಗೆ ಚಿಕ್ಕಮ್ಮನ ಮಗಳು, ಆರನೇ ಕ್ಲಾಸಿನ ಹುಡುಗಿ, ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಜಗಲಿ ಮೇಲಿಟ್ಟು ಹೋಯಿತು. ಮನೆ ಮುಂದೆ ಕೂತವರಿಗೆ ನೀರು ಕೊಡದೆ ಹೇಗಿರೋದು ಅಂತ.

ಅಮ್ಮ ಇದನ್ನು ನನಗೆ ಹೇಳಿದ್ದು ಆರು ತಿಂಗಳ ಮೇಲೆ. ಆ ನೀರು ಕುಡಿದೆ ಕಣೇ ಅಂದರು. ಅಷ್ಟೇ ಹೇಳಿ ಒಳಗೆ ಹೋದರು.

ಆ ವಾರ ಚಿಕ್ಕಮ್ಮ ಕಿವಿಯ ಓಲೆ ಅಡ ಇಟ್ಟು ಕಟ್ಟಿದರು. ಮುಂದಿನ ವಾರ ಮನೆಗೆ ಬೀಗ. ಬೆಂಗಳೂರು ಸೇರಿಕೊಂಡರು ಅಂತ ಸುದ್ದಿ.

ಕಿರುಸಾಲದ ಸಭೆಗಳಲ್ಲಿ ಬಹಳ ಹೆಮ್ಮೆಯಿಂದ ಹೇಳುವ ಒಂದು ಸಂಖ್ಯೆ ಇದೆ. ಬಡ ಹೆಂಗಸರ ಮರುಪಾವತಿ ಶೇ 98, 99. ಅಡಮಾನ ಇಲ್ಲದೆ ಕೊಟ್ಟ ಸಾಲ ಇಷ್ಟು ಚೆನ್ನಾಗಿ ವಾಪಸ್ ಬರುತ್ತೆ, ನೋಡಿ ಅಂತಾರೆ. ಅಡಮಾನ ಇಲ್ಲ ಅಂದವರು ಯಾರು? ನಾನು ಹೋಮ್ ಲೋನ್ ತಗೊಂಡಾಗ ಮನೆ ಪತ್ರ ಅಡ ಇಟ್ಟೆ, ಬಡ್ಡಿ ಶೇ 9ರ ಒಳಗೇ ಸಿಕ್ಕಿತು. ಅಮ್ಮ ಅಡ ಇಟ್ಟಿದ್ದು ಮಾನ. ನಾಲ್ಕು ಜನರ ಎದುರು ತಲೆ ತಗ್ಗಿಸಬಾರದು ಅನ್ನುವ ಹೆದರಿಕೆ. ಬೀದಿಯಲ್ಲಿ ಒಬ್ಬರಿಗೊಬ್ಬರು ಸಕ್ಕರೆ, ಮೊಸರಿನ ಹೆಪ್ಪು ಕೊಟ್ಟು ತಗೊಂಡು ಇಪ್ಪತ್ತು ವರ್ಷದಲ್ಲಿ ಕಟ್ಟಿಕೊಂಡ ಸಂಬಂಧ. ನನ್ನ ಮನೆ ಪತ್ರಕ್ಕಿಂತ ಗಟ್ಟಿ ಅಡಮಾನ ಅದು, ಇಲ್ಲದಿದ್ದರೆ ಶೇ 99 ಎಲ್ಲಿಂದ ಬರಬೇಕು? ಆದರೂ ಬಡ್ಡಿ ಮಾತ್ರ ಅವರಿಗೇ ಮೂರು ಪಟ್ಟು. ಆ ಹೆದರಿಕೆಯನ್ನು ಲೆಕ್ಕಕ್ಕೆ ತಂದು, ಬೆಲೆ ಕಟ್ಟಿ, 985 ರೂಪಾಯಿಯ ಷೇರಾಗಿ ಮಾರಬಹುದು ಅಂತ ಕಂಡುಹಿಡಿದಿದ್ದೇ ಈ ವ್ಯಾಪಾರ ಅಂತ ನನಗನ್ನಿಸುತ್ತೆ.

ದೊಡ್ಡವರ ಸಾಲದ ಭಾಷೆ ಎಷ್ಟು ಮೆತ್ತಗಿದೆ ನೋಡಿ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಕಂಪನಿಗಳ ಕೆಟ್ಟ ಸಾಲ ಇತ್ಯರ್ಥವಾದ ಕಡೆ ಬ್ಯಾಂಕುಗಳಿಗೆ ವಾಪಸ್ ಬಂದಿದ್ದು ನೂರಕ್ಕೆ ಸರಾಸರಿ ಮೂವತ್ತು ಚಿಲ್ಲರೆ ರೂಪಾಯಿ. ಉಳಿದಿದ್ದಕ್ಕೆ 'ಹೇರ್‌ಕಟ್' ಅಂತಾರೆ. ಕ್ಷೌರ! ಅವರ ಮನೆ ಜಗಲಿ ಮೇಲೆ ಯಾರೂ ಹೋಗಿ ಕೂರಲ್ಲ. ಜಗಲಿಯೇ ಇರಲ್ಲ ಅನ್ನಿ, ಗೇಟಿನಲ್ಲಿ ಸೆಕ್ಯೂರಿಟಿ ಇರುತ್ತಾನೆ.

ಇನ್ನೂ ಒಂದು ತಮಾಷೆ. ನಮ್ಮ ಬ್ಯಾಂಕುಗಳು ಬಡವರಿಗೆ, ರೈತರಿಗೆ ಇಂತಿಷ್ಟು ಸಾಲ ಕೊಡಲೇಬೇಕು ಅಂತ ನಿಯಮ ಇದೆ, ಆದ್ಯತಾ ವಲಯ ಅಂತ. ಕಿರುಸಾಲದ ಕಂಪನಿಗೆ ಕೊಟ್ಟ ಸಾಲವನ್ನೂ ಆ ಲೆಕ್ಕಕ್ಕೆ ಹಿಡಿಯಬಹುದು. ಅಂದರೆ, ಅಮ್ಮ ಒಬ್ಬರೇ ಹೋದರೆ ಮ್ಯಾನೇಜರು ತಲೆಯೆತ್ತಿ ನೋಡದ ಬ್ಯಾಂಕು, ಕಂಪನಿಗೆ ದುಡ್ಡು ಕೊಟ್ಟು, ಅಮ್ಮನಿಗೆ ಸಾಲ ಕೊಟ್ಟಿದ್ದೇವೆ ಅಂತ ಬರೆದುಕೊಳ್ಳಬಹುದು. ಕಂಪನಿ ಅದರ ಮೇಲೆ ತನ್ನದನ್ನು ಸೇರಿಸಿ ಅಮ್ಮನಿಗೆ ಕೊಡುತ್ತೆ. ಬಡ್ಡಿ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ನಾನು ಬರೆಯಬಹುದಾದ ಲೆಕ್ಕ ಇದು. ದೊಡ್ಡ ಪಾಲು ಬ್ಯಾಂಕಿಗೆ, ಒಂದು ಪಾಲು ಬೈಕಿಗೆ ಮತ್ತು ಆಫೀಸಿಗೆ, ಒಂದು ಪಾಲು ಮುಳುಗಿದ ಸಾಲಕ್ಕೆ, ಉಳಿದಿದ್ದು ಷೇರುದಾರರಿಗೆ. ಊರಿಗೆ ಅಂತ ಯಾವ ಪಾಲೂ ಇಲ್ಲ.

ಇಷ್ಟಕ್ಕೂ ಬಡತನ ಹೋಯಿತಾ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತವರ ಜೊತೆಯವರು ಹೈದರಾಬಾದಿನ ಕೊಳೆಗೇರಿಗಳಲ್ಲಿ ಇದನ್ನು ಅಳೆದು ನೋಡಿದರು. 2015ರಲ್ಲಿ ಆ ಅಧ್ಯಯನ ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೊಗಳ ಇನ್ನೈದು ಅಧ್ಯಯನಗಳ ಜೊತೆ ಪ್ರಕಟವಾಯಿತು. ಕೆಲವರ ಅಂಗಡಿ ಸ್ವಲ್ಪ ದೊಡ್ಡದಾಯಿತು, ಕೆಲವರಿಗೆ ಕಷ್ಟಕ್ಕೆ ಕೈಗಾಸು ಆಯಿತು, ಬದುಕೇ ಬದಲಾಗುವಂಥದ್ದು ಎಲ್ಲೂ ಕಾಣಲಿಲ್ಲ. ನನ್ನ ಟ್ಯಾಲಿ ಕೋರ್ಸು ಆ 'ಕೆಲವರು' ಅನ್ನುವ ಲೆಕ್ಕದಲ್ಲಿ ಬರುತ್ತೆ. ಮೂಲೆಮನೆ ಚಿಕ್ಕಮ್ಮ ಯಾವ ಲೆಕ್ಕದಲ್ಲೂ ಬರಲ್ಲ, ಸರ್ವೆಯವರು ಬಂದಾಗ ಮನೆಗೆ ಬೀಗ ಇರುತ್ತೆ.

ನಾನು ಟಿಕ್ ಹಾಕಿದ ಕಾಂಬೋಡಿಯಾದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿ ಮಾನದ ಜೊತೆ ಭೂಮಿಯ ಪತ್ರವನ್ನೂ ಅಡ ಇಟ್ಟುಕೊಳ್ಳುತ್ತಾರೆ. ಸರಾಸರಿ ಕಿರುಸಾಲ ಆ ದೇಶದ ಒಬ್ಬರ ವರ್ಷದ ಆದಾಯಕ್ಕಿಂತ ಜಾಸ್ತಿ. ಕಿರು ಅನ್ನೋದು ಹೆಸರಿಗೆ ಮಾತ್ರ. ಸಾಲ ತೀರಿಸೋಕೆ ಹೊಲ ಮಾರಿದವರ ಪರವಾಗಿ ಅಲ್ಲಿನ ಮಾನವ ಹಕ್ಕು ಸಂಘಟನೆಗಳು 2022ರಲ್ಲಿ ಐಎಫ್‌ಸಿ ಮೇಲೆ ವಿಶ್ವಬ್ಯಾಂಕ್ ಬಳಗದ ದೂರು ವಿಭಾಗಕ್ಕೆ ದೂರು ಕೊಟ್ಟವು. ವಿಶ್ವಬ್ಯಾಂಕಿನ ಮೇಲೆ ವಿಶ್ವಬ್ಯಾಂಕಿಗೇ ದೂರು. ಇದೂ ಒಂದು ಥರ ಪ್ರಗತಿಯೇ ಇರಬೇಕು.

ನಮ್ಮಲ್ಲಿ ಕಾನೂನು ಬರುತ್ತೆ, ಹೋಗುತ್ತೆ. ಆಂಧ್ರದ ಗಲಾಟೆಯ ನಂತರ ರಿಸರ್ವ್ ಬ್ಯಾಂಕಿನ ಮಾಲೆಗಮ್ ಸಮಿತಿ ಕೂತಿತು, ರಿಸರ್ವ್ ಬ್ಯಾಂಕ್ ಕಿರುಸಾಲದ ಬಡ್ಡಿಗೆ ಮಿತಿ ಹಾಕಿತು. 2022ರ ಏಪ್ರಿಲ್‌ನಿಂದ ಆ ಮಿತಿಯನ್ನು ತೆಗೆಯಿತು. 2024ರ ಅಕ್ಟೋಬರ್‌ನಲ್ಲಿ ಬಡ್ಡಿ ಅತಿಯಾಯಿತು ಅಂತ ನಾಲ್ಕು ಕಂಪನಿಗಳಿಗೆ ಹೊಸ ಸಾಲ ಕೊಡಬೇಡಿ ಅಂದಿತು. 2025ರ ಜನವರಿಯಲ್ಲಿ ಕಥೆ ನಮ್ಮ ರಾಜ್ಯದ ತುಂಬಾ ಹಬ್ಬಿತು. ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ದಿನಾ ಟಿವಿಯಲ್ಲಿ. ಹಾವೇರಿ ಜಿಲ್ಲೆಯ ಹೆಂಗಸರು ಮಾಂಗಲ್ಯ ಉಳಿಸಿಕೊಡಿ ಅಂತ ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದರು. ಸರ್ಕಾರ ಸುಗ್ರೀವಾಜ್ಞೆ ಬರೆಯಿತು, ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಶಿಕ್ಷೆ ಅತಿಯಾಯಿತು ಅಂತ ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿದರು, ಆಮೇಲೆ ಫೆಬ್ರುವರಿ 12ಕ್ಕೆ ಸಹಿಯಾಯಿತು. ಒಳ್ಳೆಯದೇ. ಆದರೆ ಮೂಲೆಮನೆ ಜಗಲಿಯ ಮೇಲೆ ಆ ದಿನ ಕಿರುಕುಳ ಕೊಟ್ಟವರು ಯಾರು ಅಂತ ಪೊಲೀಸರು ಬಂದು ಕೇಳಿದ್ದರೆ? ಬೈಕಿಗೆ ಒರಗಿದ್ದ ಹುಡುಗ ಬಾಯಿ ಮಾಡಿರಲಿಲ್ಲ. ಕೂತಿದ್ದವರು ನಮ್ಮಮ್ಮ.

ಡಬರಿ ಇಳಿಸುವಾಗ ಅದರೊಳಗೆ ಹಳೇ ಪ್ಲಾಸ್ಟಿಕ್ ಕವರಿನಲ್ಲಿ ಮೂರೂ ಪುಸ್ತಕ ಸಿಕ್ಕವು. ಸಂಘ ನಿಂತು ವರ್ಷಗಳಾಗಿವೆ. ಕಂಪನಿಗಳ ಮೀಟಿಂಗು ಜಾಸ್ತಿಯಾದ ಮೇಲೆ ಶನಿವಾರಕ್ಕೆ ಯಾರಿಗೂ ಬಿಡುವಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡೋಕೂ ಮನಸ್ಸಿರಲಿಲ್ಲ. ಬ್ಯಾಂಕಿನಲ್ಲಿದ್ದಿದ್ದನ್ನು ಹಂಚಿಕೊಂಡು ಮುಗಿಸಿದ್ದರು. ಸಾಲದ ಪುಸ್ತಕ ತಿರುವಿ ಹಾಕಿದೆ. ನನ್ನ ಹೈಸ್ಕೂಲಿನ ದುಂಡಕ್ಷರ, ಆಮೇಲೆ ಯಾರದ್ದೋ ಸೊಟ್ಟ ಅಕ್ಷರ. ಎಲ್ಲರ ಖಾತೆಯ ಕೆಳಗೂ ಎರಡು ಗೆರೆ ಎಳೆದು ಮುಗಿಸಿದ್ದಾರೆ. ಒಂದು ಪುಟದಲ್ಲಿ ಮಾತ್ರ ಗೆರೆ ಇಲ್ಲ. ಮೂಲೆಮನೆ ಚಿಕ್ಕಮ್ಮ. ಬಾಕಿ 640 ರೂಪಾಯಿ.

'ಇದನ್ನ ಹಾಗೇ ಬಿಟ್ಟಿದೀರಲ್ಲ ಅಮ್ಮ' ಅಂದೆ. 'ನಮ್ಮ ಆಫೀಸಲ್ಲಾಗಿದ್ರೆ ಇದನ್ನ ಹೊಡೆದುಹಾಕಿ ಸೊನ್ನೆ ಮಾಡ್ತಿದ್ವಿ. ಇನ್ನು ಬರಲ್ಲ ಅಂತ.'

ಅಮ್ಮ ಡಬರಿಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರು. ಕೈ ನಿಲ್ಲಿಸಲಿಲ್ಲ.

'ಹೊಡೆದುಹಾಕಿದ್ರೆ ಅವಳು ಸಂಘದವಳಲ್ಲ ಅಂತಾಗಲ್ವೇನೆ' ಅಂದರು. 'ಇರ್ಲಿ ಬಿಡು. ಪುಸ್ತಕ ಒರೆಸಿ ಒಳಗಿಡು, ನೀರು ಹಾರ್ತೈತೆ.'